ಗಾಲ್ಫ್ ಹುಲ್ಲಿಗೆ ಯಾವ ನೀರು?



2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರಿನ ಕಡೆಗೆ ಬೆಂಗಳೂರಿನಿಂದ ವಾರಾಂತ್ಯದ ಗಾಲ್ಫ್ ಆಟಗಾರರು ಬರುತ್ತಾರೆ. ರೆಸಾರ್ಟ್ ಮೈದಾನವನ್ನು ನವೀಕರಿಸಿದರೆ ಅವರ ಕಣ್ಣಿಗೆ ಬೀಳುವುದು ನುಣುಪು ಹುಲ್ಲು, ಚೆಂಡಿನ ನೇರ ಓಟ. ಕಾಣದೆ ಉಳಿಯುವುದು ನೀರಿನ ಲೆಕ್ಕ. ಹೊಸ ಹುಲ್ಲು ಬೇರು ಬಿಡುವ ತನಕ ದಿನಕ್ಕೆ ಹಲವು ಸಲ ನೀರು ಬೇಕು. 18 ಕುಳಿಗಳ ಮೈದಾನವೆಂದರೆ ಸಾಮಾನ್ಯವಾಗಿ ನೂರು ಎಕರೆಗೂ ಮಿಕ್ಕ ಜಾಗ.

ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಧರ್ಮಪುರಿ, ಕೃಷ್ಣಗಿರಿಯ ಅಂತರ್ಜಲದ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಟ್ಟವರು ಊರೂರಲ್ಲಿದ್ದಾರೆ. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಚಾಲನೆಗೊಂಡಿತು. 2008ರಲ್ಲಿ ಆ ಯೋಜನೆಯ ಬಗ್ಗೆ ಎರಡು ರಾಜ್ಯಗಳು ಜಗಳವಾಡಿದಾಗ ನಡುವೆ ಸಿಕ್ಕವರು ಗಡಿಯ ಕನ್ನಡಿಗರು.

ಗಾಲ್ಫ್ ಬೇಡವೆನ್ನುವುದು ಸರಿಯಲ್ಲ. ಹುಲ್ಲು ಕತ್ತರಿಸುವ, ಬ್ಯಾಗ್ ಹೊರುವ ಕೆಲಸ ಸುತ್ತಲಿನ ಹಳ್ಳಿಯವರಿಗೂ ಸಿಗುತ್ತದೆ. ಆದರೆ ಕುಡಿಯುವ ನೀರು ಹುಲ್ಲಿಗೆ ಹೋಗಬಾರದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಹುಲ್ಲಿಗೂ ಅಂಥ ನೀರೇ ಸಾಕು.

ಸೇಲಂ, ಧರ್ಮಪುರಿ ಸದಸ್ಯರಲ್ಲಿ ಆಡಲು ಹೋಗುವವರು ಹಣ ಕಟ್ಟುವ ಮುನ್ನ ಒಂದು ಮಾತು ಕೇಳಿ: ಈ ಹುಲ್ಲಿಗೆ ನೀರು ಎಲ್ಲಿಂದ? ಹಣ ಕೊಡುವವರು ಕೇಳಿದರೆ ಉತ್ತರ ಬರುತ್ತದೆ.

– ಕಾರ್ಯದರ್ಶಿ