ಸ್ಮರಣಿಕೆ ಸಾಕು, ಅರ್ಜಿ ಶುಲ್ಕ ಕೊಡಿ

ಸುಲ್ತಾನ್ ಬತ್ತೇರಿಯ ನಮ್ಮ ಅಂಗಡಿಯ ಕಪಾಟಿನಲ್ಲಿ ತಂಗಿಯ ನಾಲ್ಕು ಸ್ಮರಣಿಕೆಗಳಿವೆ. ಎಸ್ಸೆಸ್ಸೆಲ್ಸಿಗೊಂದು, ಪ್ಲಸ್ ಟುಗೊಂದು, ಬಿಎಸ್ಸಿಗೊಂದು, ಎಂಎಸ್ಸಿ ರಸಾಯನಶಾಸ್ತ್ರಕ್ಕೊಂದು. ಎಲ್ಲವೂ ನಮ್ಮ ಸಮುದಾಯದ ಸಂಘಟನೆಗಳು ಶಾಲು ಹೊದಿಸಿ ಕೊಟ್ಟವು. ಕಳೆದ ಡಿಸೆಂಬರಿನಲ್ಲಿ ಅವಳು ಅಮೆರಿಕದ ಎಂಟು ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿ ಅರ್ಜಿ ತಯಾರು ಮಾಡಿದ್ದಳು. ಶುಲ್ಕ ಕಟ್ಟಲು ಆದದ್ದು ಮೂರಕ್ಕೆ ಮಾತ್ರ. ಮೂರೂ ಕಡೆ ಆಗಲಿಲ್ಲ. ಉಳಿದ ಐದು ಅರ್ಜಿಗಳು ಪೂರ್ತಿ ತುಂಬಿಸಿದ ಹಾಗೆಯೇ ಗಡುವು ಮುಗಿದು ಹೋದವು.

ಇದರಲ್ಲಿ ಮೊದಲ ತಪ್ಪು ನನ್ನದೇ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಉಪ್ಪ ಬಂಟ್ವಾಳ ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿ ಒಳ್ಳೆಮೆಣಸು, ಕಾಫಿ, ಶುಂಠಿ ವ್ಯಾಪಾರಕ್ಕೆ ಕೂತವರು. ಲೀಟರ್ ತೂಕ ನೋಡಿ ಮೆಣಸಿನ ಗುಣ ಹೇಳುವುದು ನಮಗೆ ಗೊತ್ತು, ವಿದೇಶದಲ್ಲಿ ಓದುವುದು ಹೇಗೆಂದು ಗೊತ್ತಿಲ್ಲ. ತಂಗಿ "ಕಾಕ, ನನಗೆ ಪಿಎಚ್‌ಡಿ ಮಾಡಬೇಕು" ಎಂದಾಗ ನಾನು ಅವಳನ್ನು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಸಿ ಕಲ್ಲಿಕೋಟೆಯ ಒಂದು ಕನ್ಸಲ್ಟೆನ್ಸಿಗೆ ಕರೆದುಕೊಂಡು ಹೋದೆ. ನೋಂದಣಿಗೆ 25,000 ರೂಪಾಯಿ ಕೊಟ್ಟೆ. ಅಲ್ಲಿನವರು ಹೇಳಿದ್ದು: "ಕೆಮಿಸ್ಟ್ರಿ ಪಿಎಚ್‌ಡಿಗೆ ಸ್ಕೋಪ್ ಇಲ್ಲ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿ ಮಾಡಲಿ. ಜಾಗದ ಮೇಲೆ ಸಾಲ ತೆಗೆಯಬಹುದು." ಎಂಎಸ್ಸಿ ಮುಗಿಸಿದವಳಿಗೆ ಇನ್ನೊಂದು ಎಂಎಸ್ಸಿ!

ಯಾಕೆ ಹಾಗೆ ಹೇಳಿದರೆಂದು ನಂತರ ಅರ್ಥವಾಯಿತು. ಫೀಸು ಕಟ್ಟುವ ವಿದ್ಯಾರ್ಥಿಯನ್ನು ಸೇರಿಸಿದರೆ ಇಂಥ ಏಜೆಂಟರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಸಿಗುತ್ತದೆ. ಅಮೆರಿಕದ ರಸಾಯನಶಾಸ್ತ್ರ ಪಿಎಚ್‌ಡಿಯಲ್ಲಿ ಸಾಮಾನ್ಯವಾಗಿ ಫೀಸೇ ಕಟ್ಟಬೇಕಾಗಿಲ್ಲ, ಹಾಗಾಗಿ ಕಮಿಷನ್ನೂ ಇಲ್ಲ. ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿಯ ಬೋಧನಾ ಶುಲ್ಕವನ್ನು ವಿಭಾಗವೇ ಭರಿಸುತ್ತದೆ. ಪದವಿ ವಿದ್ಯಾರ್ಥಿಗಳ ಲ್ಯಾಬ್ ತರಗತಿ ನೋಡಿಕೊಳ್ಳುವುದಕ್ಕೆ, ಪ್ರೊಫೆಸರರ ಸಂಶೋಧನೆಯಲ್ಲಿ ದುಡಿಯುವುದಕ್ಕೆ ತಿಂಗಳು ತಿಂಗಳು ಸಂಬಳ ಕೊಡುತ್ತದೆ. ಹೆಚ್ಚಿನ ಕಡೆ ಅದು ವರ್ಷಕ್ಕೆ 30,000 ಡಾಲರ್ ಆಸುಪಾಸು ಅಥವಾ ಅದಕ್ಕಿಂತ ಮೇಲೆ. ಜರ್ಮನಿಯಲ್ಲಿ ಎಂಎಸ್ಸಿ ಆದವರಿಗೆ ನೌಕರಿಯ ಕರಾರಿನ ಮೇಲೆಯೇ ಪಿಎಚ್‌ಡಿ ಸಿಗುತ್ತದೆ. ಪ್ರೊಫೆಸರರಿಗೆ ನೇರವಾಗಿ ಪತ್ರ ಬರೆಯಬಹುದು. ಇದನ್ನೆಲ್ಲ ತಂಗಿ ವಿಭಾಗಗಳ ವೆಬ್‌ಸೈಟು ಓದಿ ತಾನೇ ಹುಡುಕಿದಳು. 25,000 ಕೊಟ್ಟು ಬಂದ ನಾನು ಅವಳ ಮುಂದೆ ತಲೆ ತಗ್ಗಿಸಿದೆ.

ಹಾಗಾದರೆ ಖರ್ಚು ಎಲ್ಲಿ? ಬಾಗಿಲಲ್ಲಿ. ಒಂದೊಂದು ಅರ್ಜಿಗೆ 75ರಿಂದ 100 ಡಾಲರ್; ನಮ್ಮ ಲೆಕ್ಕದಲ್ಲಿ ಆರೇಳು ಸಾವಿರದಿಂದ ಎಂಟೊಂಬತ್ತು ಸಾವಿರ. ಎಂಟು ಅರ್ಜಿಗೆ ಅರುವತ್ತು ಸಾವಿರ. ಇಂಗ್ಲಿಷ್ ಪರೀಕ್ಷೆಗೆ ಹದಿನೇಳು-ಹದಿನೆಂಟು ಸಾವಿರ. ಅಂಕಪಟ್ಟಿಯ ದೃಢೀಕೃತ ಪ್ರತಿ, ಓಡಾಟ ಬೇರೆ. ಸೀಟು ಸಿಕ್ಕಿದ ಮೇಲೆ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ಆಮೇಲೆ ವಿಮಾನದ ಟಿಕೆಟು. ಒಟ್ಟು ಎರಡು ಎರಡೂವರೆ ಲಕ್ಷ. ಇಂಗ್ಲೆಂಡಿನ ಎಂಎಸ್ಸಿಗೆ ಇಪ್ಪತ್ತು ಮೂವತ್ತು ಲಕ್ಷ ಸಾಲ ಮಾಡಲು ಸಿದ್ಧವಿರುವ ನಮ್ಮ ಮನೆಗಳಲ್ಲಿ, ಡಿಸೆಂಬರಿನಲ್ಲಿ ಒಮ್ಮೆಗೇ ಬೇಕಾಗುವ ಈ ಅರುವತ್ತು ಸಾವಿರಕ್ಕೆ ದಾರಿಯಿಲ್ಲ. ಅದಕ್ಕೆ ಬ್ಯಾಂಕ್ ಸಾಲವಿಲ್ಲ. ಸೀಟು ಸಿಕ್ಕಿದವರಿಗೆ ಮಾತ್ರ ಬ್ಯಾಂಕಿನವರು ಕುರ್ಚಿ ಕೊಡುತ್ತಾರೆ. ಆ ವರ್ಷ ಶುಂಠಿಯ ರೇಟು ಬಿದ್ದು ಉಪ್ಪನ ಕೈ ಖಾಲಿಯಾಗಿತ್ತು.

ಸರಕಾರ ಏನು ಮಾಡಿದೆ ಎಂದು ಕೇಳುವಿರಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಶಿಕ್ಷಣ ಸಾಲದ ಬಡ್ಡಿಗೆ ಸಹಾಯಧನ ಕೊಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ದೇಶದೊಳಗೆ ಪಿಎಚ್‌ಡಿ ಮಾಡುವವರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನೂ ಅದೇ ವರ್ಷ ನಿಲ್ಲಿಸಿ, ಬೇರೆ ಯೋಜನೆಗಳ ಜೊತೆ ಅದು ಪುನರಾವರ್ತನೆಯಾಗುತ್ತದೆ ಎಂದು 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಅದನ್ನು ನಾವು ಖಂಡಿಸಲೇಬೇಕು. ಆದರೆ ಖಂಡನಾ ಹೇಳಿಕೆ ಪತ್ರಿಕೆಗೆ ಕಳಿಸಿ ಮರುದಿನ ಮತ್ತೆ ಪ್ರತಿಭಾ ಪುರಸ್ಕಾರಕ್ಕೆ ಹಾಲ್ ಬುಕ್ ಮಾಡಿದರೆ ಏನು ಬಂತು?

ಕನ್ನಡದ ಮಣ್ಣಿನಿಂದ ರಸಾಯನಶಾಸ್ತ್ರ ಪಿಎಚ್‌ಡಿಗೆ ಅಮೆರಿಕಕ್ಕೆ ಹೋಗುವುದು ಹೊಸದೇನಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾವ್ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದು 1958ರಲ್ಲಿ. ಹಿಂದೆ ಬಂದು ದೇಶಕ್ಕೆ ದುಡಿದರು, 2014ರಲ್ಲಿ ಭಾರತ ರತ್ನ ಪಡೆದರು. ಅವರ ತಂದೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು; ಮನೆಯಲ್ಲಿ ಓದಿನ ದಾರಿ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಗಲ್ಫಿನ ವೀಸಾದ ದಾರಿ ಗೊತ್ತಿದೆ. ಹುಡುಗನಿಗೆ ದಮ್ಮಾಮಿನ ವೀಸಾ ಎಂದರೆ ನಾಲ್ಕು ಜನ ಸೇರಿ ಹಣ ಹೊಂದಿಸುತ್ತಾರೆ. ಅರ್ಜಿ ಹಾಕಲು ದುಡ್ಡು ಬೇಕು ಎಂದರೆ "ಸಿಗುತ್ತದೆಂದು ಏನು ಗ್ಯಾರಂಟಿ?" ಎಂಬ ಪ್ರಶ್ನೆ. ಹುಡುಗಿಯಾದರೆ ಇನ್ನೊಂದು ಪ್ರಶ್ನೆ: "ಮದುವೆ ಯಾವಾಗ?"

ಗ್ಯಾರಂಟಿ ಇಲ್ಲ, ಒಪ್ಪುತ್ತೇನೆ. 2025ರಲ್ಲಿ ಅಮೆರಿಕ ಸರಕಾರ ಸಂಶೋಧನಾ ಅನುದಾನಕ್ಕೆ ಕತ್ತರಿ ಹಾಕಿ, ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನೇ ಕಡಿಮೆ ಮಾಡಿದವು. ಅದಕ್ಕಾಗಿಯೇ ಮೂರು ಅರ್ಜಿ ಸಾಲದು, ಎಂಟು-ಹತ್ತು ಬೇಕು; ಜರ್ಮನಿಗೂ ಹಾಕಬೇಕು, ಇಲ್ಲಿ ಸಿಎಸ್ಐಆರ್-ಯುಜಿಸಿ ನೆಟ್ ಕೂಡ ಬರೆಯಬೇಕು. ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಉಪ್ಪ ಒಂದೇ ಲೋಡು ಮೆಣಸಿನ ಮೇಲೆ ಎಲ್ಲ ಹಣ ಹಾಕುವುದಿಲ್ಲ. ಓದಿಗೂ ಅದೇ ಲೆಕ್ಕ.

ಆದ್ದರಿಂದ ಜಮಾಅತಿನ ಹಿರಿಯರಲ್ಲಿ, ಸಂಘಟನೆಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಸಣ್ಣದು. ಒಂದು ವರ್ಷದ ಸ್ಮರಣಿಕೆ, ಶಾಲು, ಫ್ಲೆಕ್ಸ್, ಊಟದ ಹಣವನ್ನು ಬೇರೆ ಖಾತೆಗೆ ಹಾಕಿ. ವರ್ಷಕ್ಕೆ ಐದು ಮಕ್ಕಳಿಗೆ ಅರ್ಜಿಯ ಖರ್ಚನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡಿ. ಸೀಟು ಸಿಕ್ಕಿದವರು ಸಂಬಳ ಬಂದ ಮೇಲೆ ಹಿಂದಿರುಗಿಸಲಿ, ಅದು ಮುಂದಿನ ಐವರಿಗೆ ಹೋಗಲಿ. ಝಕಾತಿನ ವಿಷಯ ಉಲಮಾಗಳು ಹೇಳಲಿ. ನಾನು ಕೇಳುವುದು ಸಾಲ ಮಾತ್ರ. ವಿದೇಶದಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮವರು ವರ್ಷಕ್ಕೆ ಇಬ್ಬರ ಉದ್ದೇಶ ಪತ್ರ ಓದಿ ತಿದ್ದಿಕೊಡಲಿ.

ಮಕ್ಕಳಿಗೂ ಒಂದು ಮಾತು. ಡಿಸೆಂಬರಿಗೆ ಕಾಯಬೇಡಿ, ಜುಲೈಯಲ್ಲೇ ಶುರು ಮಾಡಿ. ಮೂರು ಶಿಫಾರಸು ಪತ್ರ ಬೇಕು. "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನುವ ಅಧ್ಯಾಪಕರಿಗಿಂತ ನಿಮ್ಮ ಪ್ರಾಜೆಕ್ಟ್ ನೋಡಿದವರನ್ನು ಹಿಡಿಯಿರಿ. ಶುಲ್ಕ ವಿನಾಯಿತಿ ಕೇಳಿ ವಿಭಾಗಕ್ಕೆ ಇಮೇಲ್ ಹಾಕಿ; ಕೆಲವರು ಕೊಡುತ್ತಾರೆ, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಜಿಆರ್‌ಇ ಬೇಕೇ ಎಂದು ಮೊದಲು ನೋಡಿ. ಬಹಳಷ್ಟು ಕಡೆ ಈಗ ಕೇಳುವುದಿಲ್ಲ. ಪಾಸ್‌ಪೋರ್ಟ್ ನೋಡಿಕೊಳ್ಳಿ. ನಮ್ಮವರಿಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಕಾಲಂ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ. ತಂಗಿಯ ಪಾಸ್‌ಪೋರ್ಟನ್ನು ಈ ವರ್ಷ ಸರಿ ಮಾಡಿಸಿದೆವು.

ಅವಳು ಮತ್ತೆ ಒಂಬತ್ತು ಕಡೆ ಅರ್ಜಿ ತಯಾರು ಮಾಡುತ್ತಿದ್ದಾಳೆ. ಮೊದಲ ಗಡುವು ಡಿಸೆಂಬರ್ 1. ಈ ಸಲ ನಾನು ಬೈಕ್ ಮಾರಿದ್ದೇನೆ, ಅವಳ ಶುಲ್ಕಕ್ಕೆ ಯಾರಲ್ಲೂ ಕೈಚಾಚುವುದಿಲ್ಲ. ಆದರೆ ಮಾರಲು ಬೈಕ್ ಇಲ್ಲದ ಅಣ್ಣಂದಿರೂ ನಮ್ಮಲ್ಲಿ ಇದ್ದಾರೆ. ಮುಂದಿನ ಪುರಸ್ಕಾರ ಸಮಾರಂಭದ ಸಮಿತಿ ಸಭೆ ಕೂತಾಗ ಅವರ ತಂಗಿಯರ ಲೆಕ್ಕವನ್ನೂ ತೆಗೆಯಿರಿ.