ಇಂಜಿನ್ ನೋಡಿದೆ, ಆರ್‌ಸಿ ನೋಡಲಿಲ್ಲ

ಯುಗಾದಿಯ ವಾರ ನಮ್ಮ ಕಾಕಾ ಹಳೆಯ ಕಾರೊಂದನ್ನು ಖರೀದಿಸಿದರು. ಕಬ್ಬಿನ ಬಿಲ್ಲಿಗೆ ಒಂದಿಷ್ಟು ಕೈಗಡ ಸೇರಿಸಿ ಹೊಂದಿಸಿದ್ದ ಎರಡು ಲಕ್ಷ ಹತ್ತು ಸಾವಿರ ರೂಪಾಯಿ. ಯಮಕನಮರಡಿಯಿಂದ ಹೆದ್ದಾರಿ ಹಿಡಿದರೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಕೊಲ್ಹಾಪುರ. ಹಾಗಾಗಿ ‘ಎಂಎಚ್ 09’ ನಂಬರಿನ ಹಳೆಯ ಗಾಡಿಗಳು ನಮಗೆ ಹೊಸದಲ್ಲ. ‘ನೀ ಇಂಜಿನಿಯರಿಂಗ್ ಕಲಿಯಾಕತ್ತಿ, ನೀನ ನೋಡಿ ಹೇಳಪಾ’ ಎಂದು ಕಾಕಾ ನನ್ನನ್ನೂ ಕರೆದುಕೊಂಡು ಹೋದರು.

ನಾನು ಬಾನೆಟ್ ಎತ್ತಿ ಆಯಿಲ್ ನೋಡಿದೆ, ಹೊಗೆಯ ಬಣ್ಣ ನೋಡಿದೆ, ಎರಡು ಕಿಲೋಮೀಟರ್ ಓಡಿಸಿ ಕ್ಲಚ್ಚು, ಬ್ರೇಕು ಪರೀಕ್ಷಿಸಿದೆ. ‘ಗಾಡಿ ಚಲೋ ಐತಿ ಕಾಕಾ’ ಎಂದೆ. ಅದು ಸುಳ್ಳಲ್ಲ, ಇಂಜಿನ್ ಇಂದಿಗೂ ಚೆನ್ನಾಗಿದೆ. ಆದರೆ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಇತ್ತು. ಅದನ್ನು ನಾನು ಓದಲೇ ಇಲ್ಲ. ಎಂ–ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಸಾಲ ತೀರದ ಗಾಡಿಯನ್ನು ಫೈನಾನ್ಸ್‌ನವರ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಹೆಸರಿಗೆ ಮಾಡಲು ಬರುವುದಿಲ್ಲ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರವೂ ಬೇಕು. ಮಾರಿದವರು ‘ಎರಡ ತಿಂಗಳದಾಗ ಎನ್‌ಒಸಿ ಬರತೈತಿ’ ಅಂದಿದ್ದರು. ಐದು ತಿಂಗಳಾಯಿತು. ಈಗ ಫೋನ್ ಎತ್ತುವುದಿಲ್ಲ. ನೂರು ರೂಪಾಯಿಯ ಸ್ಟ್ಯಾಂಪ್ ಪೇಪರಿನಲ್ಲಿ ‘ಇದ್ದ ಸ್ಥಿತಿಯಲ್ಲಿಯೇ ಕೊಂಡಿದ್ದೇನೆ’ ಎಂದು ಕಾಕಾ ಸಹಿ ಮಾಡಿದ್ದಾರೆ. ಅದನ್ನೇ ತೋರಿಸಿ ಊರಿನ ಹಿರಿಯರೊಬ್ಬರು ‘ಇನ್ನೇನೂ ಮಾಡಾಕ ಬರೂದಿಲ್ಲ’ ಎಂದುಬಿಟ್ಟರು.

ಮಾಡಲು ಬರುತ್ತದೆ ಎಂಬುದು ಈ ಐದು ತಿಂಗಳಲ್ಲಿ ನಾನು ಸಿಲೆಬಸ್ಸಿನ ಹೊರಗೆ ಓದಿ ತಿಳಿದದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊಸ ವಸ್ತು, ಹಳೆಯ ವಸ್ತು ಎಂದು ಭೇದ ಮಾಡುವುದಿಲ್ಲ. ಸಾಲವಿರುವುದನ್ನು ಮುಚ್ಚಿಡುವುದು, ಮೀಟರ್ ಹಿಂದೆ ತಿರುಗಿಸುವುದು, ಅಪಘಾತವಾದ ಗಾಡಿಯನ್ನು ಆಗಿಲ್ಲವೆಂದು ಮಾರುವುದು ಇವೆಲ್ಲ ಅನುಚಿತ ವ್ಯಾಪಾರ ಪದ್ಧತಿಯೇ. ‘ಇದ್ದ ಸ್ಥಿತಿ’ ಎಂದು ಬರೆಸಿಕೊಂಡ ಮಾತ್ರಕ್ಕೆ ವಂಚನೆ ಮಾಫಿಯಾಗದು. ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಮಾರಿದವರ ಊರಿಗೆ ಅಲೆಯಬೇಕಿಲ್ಲ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕೆಲಸ ಸಿಗದೆ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸಬೇಕೆಂದಿರುವ ಗೆಳೆಯರಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡರೆ ಗ್ರಾಹಕನಲ್ಲ ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನೂ ಗ್ರಾಹಕನೇ ಎಂದು ಕಾಯ್ದೆಯಲ್ಲೇ ಇದೆ. ಆದರೆ ಪರಿಚಯದವರಿಂದ ನೇರವಾಗಿ ಕೊಂಡರೆ ಅವರು ವ್ಯಾಪಾರಿಯಲ್ಲವಾದ್ದರಿಂದ ಈ ದಾರಿ ಕಷ್ಟ. ಸಿವಿಲ್ ಕೋರ್ಟೇ ಗತಿ.

2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಮಾಲೀಕ ಗಾಡಿ ಒಪ್ಪಿಸಿದ್ದನ್ನು ಆನ್‌ಲೈನಿನಲ್ಲಿ ತಿಳಿಸಿದ ಮೇಲೆ, ಮಾರಾಟವಾಗುವವರೆಗೆ ಆ ವ್ಯಾಪಾರಿಯೇ ಮಾಲೀಕನ ಹೊಣೆ ಹೊರಬೇಕು. ಒಳ್ಳೆಯ ನಿಯಮ. ಆದರೆ ನಾವು ಹೋದ ಕಡೆ ಗೋಡೆಯ ಮೇಲೆ ದೇವರ ಫೋಟೊ ಇತ್ತು, ಆ ಪತ್ರ ಇರಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ಅಧಿಕಾರ ಪತ್ರ ಇರುವವರ ಪಟ್ಟಿಯನ್ನು ಸಾರಿಗೆ ಇಲಾಖೆ ಬಸ್ ನಿಲ್ದಾಣ, ಪಂಚಾಯಿತಿ ಕಚೇರಿಗಳಲ್ಲಿ ಅಂಟಿಸಿದರೆ ಎಷ್ಟು ಖರ್ಚಾದೀತು?

ಬೈಕ್ ಮಾರಿ ಕೈತೊಳೆದುಕೊಂಡ ಸಹಪಾಠಿಗಳೂ ಕೇಳಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಾರಿನ ಕೊಲ್ಹಾಪುರದ ಆ ಮೊದಲ ಮಾಲೀಕರಿಗೆ ಇದು ಗೊತ್ತಿದೆಯೋ ಇಲ್ಲವೋ.

ಕಾಕಾ ನನ್ನನ್ನು ಒಮ್ಮೆಯೂ ಬೈದಿಲ್ಲ. ಕಾರು ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸಿಗೆ ಕೊಟ್ಟ ಹದಿನೈದು ದಿನದ ಗಡುವು ಶನಿವಾರ ಮುಗಿಯುತ್ತದೆ. ಸೋಮವಾರ ಇಂಟರ್ನಲ್ಸ್ ಇದೆ. ಮಂಗಳವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬೆಳಗಾವಿಗೆ ಹೊರಡುತ್ತೇವೆ, ಹಣ ಕೊಟ್ಟ ರಸೀದಿ ಮತ್ತು ಆ ‘ಎರಡ ತಿಂಗಳದಾಗ’ ಎಂಬ ವಾಟ್ಸ್‌ಆ್ಯಪ್ ಧ್ವನಿ ಸಂದೇಶದೊಂದಿಗೆ.