ಚೆಕ್ಕಿನ ಚಿತ್ರ, ಅಜ್ಜಿಯ ಚಿತ್ರ

ಮೊನ್ನೆ ಭಾನುವಾರ ನಾರಾಯಣಗೂಡದ ನಮ್ಮ ಮನೆಯ ಕಂಪ್ಯೂಟರ್ ನಿಂತೇ ಹೋಯಿತು. ಕಲಬುರಗಿಯ ಮನೆಯ ಟ್ರಂಕಿನಿಂದ ತಂದ 400 ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೆ. ಅವನ್ನೆಲ್ಲ ಆಲ್ಬಮ್ ಮಾಡಲು ಮಗಳು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಓಡಿಸಿದ ಸ್ವಲ್ಪ ಹೊತ್ತಿಗೆ ಮೌಸ್ ಕೂಡ ಅಲುಗಲಿಲ್ಲ. "8 ಜಿಬಿ ರ್ಯಾಮ್ ಸಾಲಂಗಿಲ್ಲ ಅಪ್ಪಾ, 16 ಹಾಕಸ್ರಿ" ಅಂದಳು.

ನಾನು ಬಿಕಾಂ ಓದಿದವನು, ಕಂಪ್ಯೂಟರ್ ಪಂಡಿತನಲ್ಲ. ಆದರೆ ಲೆಕ್ಕ ಹಾಕದೆ ದುಡ್ಡು ಬಿಚ್ಚುವವನೂ ಅಲ್ಲ! ಡಿಸ್ಕಿನಲ್ಲಿ ಆ ಫೋಟೋಗಳೆಲ್ಲ ಸೇರಿ ಒಂದೂವರೆ ಜಿಬಿಯೂ ಇಲ್ಲ. ಮತ್ತೆ 8 ಜಿಬಿ ಯಾಕೆ ಸಾಲದು? ಜೆಪೆಗ್ ಫೈಲು ಮಡಚಿಟ್ಟ ಸೀರೆಯಂತೆ. ತೆರೆದರೆ ಪೂರ್ತಿ ಹರಡಿಕೊಳ್ಳುತ್ತದೆ. 4×6 ಇಂಚಿನ ಫೋಟೋ 600 ಡಿಪಿಐನಲ್ಲಿ 2400×3600 ಚುಕ್ಕೆ. ಚುಕ್ಕೆಗೆ 3 ಬೈಟ್ ಎಂದರೆ ಸುಮಾರು 2.6 ಕೋಟಿ ಬೈಟ್. 400 ಫೋಟೋ ಒಟ್ಟಿಗೆ ತೆರೆದರೆ 10 ಜಿಬಿ ಹತ್ತಿರ. ಮಗಳ ಪ್ರೋಗ್ರಾಂ ಮಾಡಿದ್ದು ಅದನ್ನೇ.

ಯಾವ ಕ್ಯಾಷಿಯರ್ ಸ್ಟ್ರಾಂಗ್‌ರೂಮಿನ ಹಣವನ್ನೆಲ್ಲ ಕೌಂಟರಿನ ಮೇಲೆ ಸುರಿದುಕೊಂಡು ಕೂರುತ್ತಾನೆ ಹೇಳಿ? ಒಂದು ತೆರೆ, ಕೆಲಸ ಮುಗಿಸು, ಮುಚ್ಚು, ಆಮೇಲೆ ಮುಂದಿನದು. ಆಲ್ಬಮ್ಮಿನ ಪುಟ್ಟ ಚಿತ್ರಕ್ಕಂತೂ ಪೂರ್ತಿ ತೆರೆಯುವುದೇ ಬೇಡ. ಜೆಪೆಗ್ ಚಿತ್ರವನ್ನು ತೆರೆಯುವಾಗಲೇ ಉದ್ದವನ್ನೂ ಅಗಲವನ್ನೂ ಎಂಟನೇ ಒಂದಕ್ಕೆ ಇಳಿಸಬಹುದು. ಆಗ ಹಿಡಿಯುವ ಜಾಗ 64ನೇ ಒಂದು ಭಾಗ. ಮಗಳು ನಾಲ್ಕು ಸಾಲು ತಿದ್ದಿದಳು, ಅದೇ 8 ಜಿಬಿಯಲ್ಲಿ ಕೆಲಸ ಮುಗಿಯಿತು.

ಹುಮ್ಮಸ್ಸಿನಲ್ಲಿ ಆಕೆ, "ಹಂಗಾದ್ರ ದೊಡ್ಡ ಫೈಲೆಲ್ಲ ಸಣ್ಣ ಮಾಡಿ, ಅಸಲು ಅಳಿಸಿಬಿಡ್ಲೇನು?" ಅಂದಳು. ಅಲ್ಲಿ ತಡೆದೆ.

ಬ್ಯಾಂಕಿನಲ್ಲಿ ನಾವು ಚಿತ್ರ ಸಣ್ಣ ಮಾಡುವುದು ದಿನವೂ ನೋಡುತ್ತೇವೆ. 2008ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಸಿಟಿಎಸ್ ಶುರುವಾಯಿತು. ಅದರಲ್ಲಿ ಕ್ಲಿಯರಿಂಗಿಗೆ ಹೋಗುವುದು ಚೆಕ್ಕಲ್ಲ, ಅದರ ಮೂರು ಚಿತ್ರ. ಮುಂಭಾಗದ್ದು 100 ಡಿಪಿಐ ಬೂದು ಬಣ್ಣದ್ದೊಂದು, ಹಿಂದು ಮುಂದಿನವು 200 ಡಿಪಿಐ ಬರೀ ಕಪ್ಪು ಬಿಳುಪಿನವೆರಡು. ಎರಡೂ ಬದಿಯನ್ನು 200 ಡಿಪಿಐ ಬಣ್ಣದಲ್ಲಿ ತೆಗೆದಿದ್ದರೆ ಬೇಕಾಗುತ್ತಿದ್ದ ಜಾಗದ 12ನೇ ಒಂದು ಭಾಗ ಇವಕ್ಕೆ ಸಾಕು. ಒತ್ತಿ ಸಣ್ಣ ಮಾಡುವ ಮೊದಲಿನ ಲೆಕ್ಕ ಇದು. ಚೆಕ್ಕಿನಲ್ಲಿ ಹೆಸರು, ಮೊತ್ತ, ಸಹಿ ಕಂಡರಾಯಿತು, ಅದಕ್ಕೇ ರಬ್ಬರ್ ಸ್ಟ್ಯಾಂಪು ಅವುಗಳ ಮೇಲೆ ಬೀಳಬಾರದು. ಆದರೂ ಅಸಲು ಚೆಕ್ಕನ್ನು ಹರಿದು ಹಾಕುವಂತಿಲ್ಲ. ಗ್ರಾಹಕರು ಚೆಕ್ ಹಾಕಿದ ಬ್ಯಾಂಕು ಅದನ್ನು 10 ವರ್ಷ ಕಾಯ್ದಿಡಬೇಕು.

ನಮ್ಮ ಫೋಟೋಗಳಲ್ಲಿ ನನ್ನ ಅಜ್ಜಿ ಇರುವುದು ಒಂದರಲ್ಲೇ. ಮದುವೆಯ ಗುಂಪಿನ ಹಿಂದಿನ ಸಾಲಿನಲ್ಲಿ, ಸೆರಗು ಹೊದ್ದ ಉಗುರಿನಷ್ಟು ಮುಖ. ಎಂಟನೇ ಒಂದಕ್ಕೆ ಇಳಿಸಿದರೆ ಅಲ್ಲಿ ಅಜ್ಜಿ ಇಲ್ಲ, ಒಂದಷ್ಟು ಚುಕ್ಕೆ ಅಷ್ಟೇ.

ಮೆಮೊರಿ ಉಳಿಸಿ, ಖಂಡಿತ ಉಳಿಸಿ. ಆದರೆ ಉಳಿತಾಯವೆಲ್ಲ ತೆರೆಯುವ ರೀತಿಯಲ್ಲಿ ಇರಲಿ, ನಕಲಿನಲ್ಲಿ ಇರಲಿ. ಅಸಲಿಗೆ ಕೈ ಹಚ್ಚಬೇಡಿ. ಊರು ಬಿಟ್ಟು ಬಂದ ನಮ್ಮಂಥವರ ಹತ್ತಿರ ಉಳಿದಿರುವುದೇ ಅಷ್ಟು.